ಬತ್ತಿದ ಕೆನ್ನೆ ಮತ್ತು ಒಂದು ಸಿಲಿಕೋನ್ ಚೂರು

ನಮಸ್ಕಾರ. ಯಾವ ಮದುವೆಮನೆಗೆ ಹೋದರೂ ನಮ್ಮ ದೊಡ್ಡಮ್ಮನದು ಒಂದೇ ಮಾತು: "ಏನೇ, ಇಷ್ಟು ಸೊರಗಿದ್ದೀಯಾ? ಕೆನ್ನೆ ಎಲ್ಲಾ ಬತ್ತಿಹೋಗಿದೆ. ಊಟ ಸರಿಯಾಗಿ ಮಾಡ್ತಿಲ್ವಾ?" ಊಟ ಚೆನ್ನಾಗೇ ಮಾಡುತ್ತೇನೆ. ಅವರೆದುರೇ ಎರಡು ಹೋಳಿಗೆ ತಿಂದಿರುತ್ತೇನೆ. ಕೆನ್ನೆಮೂಳೆಯೇ ಚಪ್ಪಟೆ, ಏನು ಮಾಡೋದು?

ಇದನ್ನು ಕೇಳಿ ಕೇಳಿ, ಸೆಲ್ಫಿ ನೋಡಿ ನೋಡಿ, ಕೆನ್ನೆಗೆ ಇಂಪ್ಲಾಂಟ್, ಅಂದರೆ ಕೆನ್ನೆ ಉಬ್ಬಿ ಕಾಣಲೆಂದು ಸರ್ಜರಿ ಮಾಡಿ ಒಳಗೆ ಕೂರಿಸುವ ಚೂರು, ಹಾಕಿಸಿಕೊಳ್ಳೋಣ ಅನ್ನಿಸಿತು. ಹಾಕಿಸಿಕೊಂಡವರನ್ನು ಬೈಯಲು ನಾನು ಕೂತಿಲ್ಲ. ನಾನೇ ಅರ್ಧ ದಾರಿ ಹೋಗಿ ನಿಂತವಳು. ಇಂಥದ್ದನ್ನು ಒಂದೇ ಮಧ್ಯಾಹ್ನದಲ್ಲಿ ತೀರ್ಮಾನ ಮಾಡಿಸಿಬಿಡುತ್ತಾರಲ್ಲ, ನನ್ನ ತಕರಾರು ಅದು.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಡಾಕ್ಟರಿಗಿಂತ ಮುಂಚೆ ಕೌನ್ಸೆಲರ್ ಸಿಕ್ಕರು. ಟ್ಯಾಬ್‌ನಲ್ಲಿ ನನ್ನ ಫೋಟೋ ತೆಗೆದು, ಕೆನ್ನೆ ಉಬ್ಬಿಸಿ ತೋರಿಸಿದರು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. "ಸಣ್ಣ ಪ್ರೊಸೀಜರ್ ಮೇಡಂ. ಇವತ್ತೇ ಬುಕ್ ಮಾಡಿದರೆ ಡಿಸ್ಕೌಂಟ್ ಇದೆ." ಸೀರೆ ಅಂಗಡಿಯ ಆಷಾಢ ಸೇಲ್ ನೆನಪಾಯಿತು. "ಮುಂದೆ ತೆಗೆಸಬೇಕು ಅನ್ನಿಸಿದರೆ?" ಎಂದು ಕೇಳಿದೆ. ಅವರು ಮತ್ತೆ ಟ್ಯಾಬ್ ತೋರಿಸಿದರು.

"ಸಣ್ಣ" ಅಂದರೆ ನನಗೆ ಹೆದರಿಕೆ. 2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಸರ್ಜರಿ ಆದ ಮೇಲೆ ತೀರಿಕೊಂಡರು. ಅದು ಬೇರೆ ಸರ್ಜರಿ, ಒಪ್ಪುತ್ತೇನೆ. ಆದರೂ.

ಎರಡನೆಯವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್, ಅಂದರೆ ಸರ್ಜನ್‌ಗಳ ಸ್ಪೆಷಲಿಸ್ಟ್ ಡಿಗ್ರಿ, ಮಾಡಿದ ಡಾಕ್ಟರ್. ಬೋರ್ಡಿನಲ್ಲಿ "ಕಾಸ್ಮೆಟಿಕ್" ಎಂದು ಹಾಕಿಕೊಂಡವರೆಲ್ಲ ಅದನ್ನು ಓದಿರುವುದಿಲ್ಲ, ಕೇಳಿ ತಿಳಿದುಕೊಳ್ಳಿ. ಈ ಡಾಕ್ಟರ್ ಡ್ರಾಯರ್‌ನಿಂದ ಸಿಲಿಕೋನ್ ಇಂಪ್ಲಾಂಟಿನ ಒಂದು ಸ್ಯಾಂಪಲ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ತೆಂಗಿನಕಾಯಿ ಚೂರಿನ ಥರ ಬೆಳ್ಳಗೆ, ಸ್ವಲ್ಪ ಬಾಗಿ, ಅಂಚಿನಲ್ಲಿ ತೆಳ್ಳಗೆ. ಒತ್ತಿದರೆ ರಬ್ಬರಿನಂತೆ ಮಡಚಿ ಮತ್ತೆ ನೆಟ್ಟಗಾಗುತ್ತದೆ. ಬಾಯೊಳಗೆ ಮೇಲಿನ ವಸಡಿನ ಹತ್ತಿರ ಕೊಯ್ದು, ಕೆನ್ನೆಮೂಳೆಯ ಮೇಲೆ ಜೇಬಿನ ಹಾಗೆ ಜಾಗ ಮಾಡಿ, ಅದರಲ್ಲಿ ಇದನ್ನು ಕೂರಿಸುತ್ತಾರೆ. ಹೊರಗೆ ಗಾಯದ ಗುರುತೇ ಇರುವುದಿಲ್ಲ. ಆದರೆ ಬಾಯಿ ತುಂಬ ಬ್ಯಾಕ್ಟೀರಿಯಾ. ಸೋಂಕು ಜೋರಾದರೆ ಇಂಪ್ಲಾಂಟನ್ನೇ ತೆಗೆಯಬೇಕಾಗಬಹುದು. ಒಂದು ಸ್ವಲ್ಪ ಜರುಗಿದರೂ ಎರಡು ಕೆನ್ನೆ ಎರಡು ಥರ. ಕಣ್ಣಿನ ಕೆಳಗೆ ಮೂಳೆಯಿಂದ ಒಂದು ನರ ಹೊರಬರುತ್ತದೆ. ಅದಕ್ಕೆ ಪೆಟ್ಟಾದರೆ ಮೇಲ್ದುಟಿ ಜೋಮು ಹಿಡಿಯುತ್ತದೆ, ಕಾಫಿ ಸೋರಿದರೂ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಸರಿಹೋಗುತ್ತದೆ. ಅಪರೂಪಕ್ಕೆ ಹೋಗುವುದೇ ಇಲ್ಲ.

ತೆಗೆಸುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಇಲ್ಲೇ. ಸಿಲಿಕೋನ್ ಸುತ್ತ ಪೊರೆ ಕಟ್ಟುತ್ತದೆ ಅಷ್ಟೇ, ಹೊರತೆಗೆಯುವುದು ಅಷ್ಟು ಕಷ್ಟವಲ್ಲ. ಸಣ್ಣ ಸಣ್ಣ ತೂತಿರುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಇಂಪ್ಲಾಂಟ್ ಆದರೆ ಮಾಂಸ ಅದರೊಳಗೇ ಬೆಳೆದುಕೊಳ್ಳುತ್ತದೆ. ಗಟ್ಟಿಯಾಗಿ ಕೂರುತ್ತದೆ, ಕೀಳುವುದು ಮಾತ್ರ ಕಷ್ಟ.

ನನ್ನನ್ನು ಕೇಳಿದರೆ ಮೊದಲು ಹೈಲುರೋನಿಕ್ ಆಸಿಡ್ ಫಿಲ್ಲರ್, ಅಂದರೆ ಸೂಜಿಯಿಂದ ಕೆನ್ನೆಗೆ ತುಂಬುವ ಜೆಲ್, ಹಾಕಿಸಿ ನೋಡುವುದು ವಾಸಿ. ಸುಮಾರು ಒಂದು, ಒಂದೂವರೆ ವರ್ಷದಲ್ಲಿ ತಾನೇ ಕರಗುತ್ತದೆ. ಬೇಡವಾದರೆ ಇಂಜೆಕ್ಷನ್ ಕೊಟ್ಟು ಮೊದಲೇ ಕರಗಿಸಬಹುದು. ಅದನ್ನೂ ಪಾರ್ಲರ್‌ನಲ್ಲಿ ಹಾಕಿಸಬೇಡಿ. ರಕ್ತನಾಳಕ್ಕೆ ಹೋದರೆ, ಅಪರೂಪಕ್ಕಾದರೂ, ಕಣ್ಣೇ ಹೋಗಬಹುದು.

ದುಡ್ಡಿನ ವಿಷಯ: ಚಂದಕ್ಕೆ ಮಾಡಿಸಿದರೆ ಇನ್ಶೂರೆನ್ಸ್ ಕೊಡುವುದಿಲ್ಲ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಬೈಕಿನಿಂದ ಬಿದ್ದು ಮೂಳೆ ಒಳಕ್ಕೆ ಹೋದವರಿಗೆ, ಹುಟ್ಟಿನಿಂದಲೇ ಕೆನ್ನೆಮೂಳೆ ಬೆಳೆಯದವರಿಗೆ ಆ ತೆರಿಗೆ ಇಲ್ಲ. ಅವರ ಲೆಕ್ಕ ಬೇರೆ, ನನ್ನ ದೊಡ್ಡಮ್ಮನ ಲೆಕ್ಕ ಬೇರೆ.

ಕೊನೆಗೆ ಡಾಕ್ಟರ್ ನನ್ನ ಫೋನ್ ಕೇಳಿದರು. ಸೆಲ್ಫಿಗಳನ್ನು ನೋಡಿ, "ಇದನ್ನು ನೋಡಿ ಬಂದ್ರಾ?" ಅಂದರು. ಒಂದಡಿ ದೂರದಿಂದ ತೆಗೆದ ಫೋಟೋದಲ್ಲಿ ಮೂಗು ಇರುವುದಕ್ಕಿಂತ ಸುಮಾರು 30 ಪರ್ಸೆಂಟ್ ಹೆಚ್ಚು ಅಗಲ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಡಾಕ್ಟರುಗಳು ಲೆಕ್ಕ ಹಾಕಿದ್ದಾರಂತೆ. ಮೂಗು ಮುಂದೆ ಬಂದರೆ ಕೆನ್ನೆ ಹಿಂದೆ ಸರಿಯಲೇಬೇಕು, ಅಲ್ವಾ? ಅವರೇ ಎದ್ದು ಗೋಡೆಯವರೆಗೆ ಹೋಗಿ ಒಂದು ಫೋಟೋ ತೆಗೆದರು. ಕೆನ್ನೆ ತುಂಬಿರಲಿಲ್ಲ. ಆದರೆ ಅಷ್ಟೇನೂ ಬತ್ತಿರಲಿಲ್ಲ. "ಮೂರು ತಿಂಗಳು ಬಿಟ್ಟು ಬನ್ನಿ, ಆಗಲೂ ಬೇಕು ಅನ್ನಿಸಿದರೆ ಮಾಡೋಣ" ಅಂದರು. ಡಿಸ್ಕೌಂಟ್ ಸುದ್ದಿಯೇ ಇಲ್ಲ.

ಈಗ ಐದು ವಾರ ಆಗಿದೆ. ಬರುವ ಭಾನುವಾರ ಹಾಸನದಲ್ಲಿ ಇನ್ನೊಂದು ಮದುವೆ, ದೊಡ್ಡಮ್ಮ ಬಂದೇ ಬರುತ್ತಾರೆ. ಈ ಸಲ ಫೋನ್ ನಮ್ಮಣ್ಣನ ಕೈಗೆ ಕೊಡುತ್ತೇನೆ, ಆರು ಅಡಿ ದೂರ ನಿಲ್ಲಿಸಿ.