ಟೆಸ್ಟರ್ ಹಿಡಿದ ಕೈಗೆ ಲೆಕ್ಕದ ಪುಸ್ತಕ

ಕೇಳುಗರಿಗೆ ನಮಸ್ಕಾರ.

ಹಾಸನದ ಕೈಗಾರಿಕಾ ಪ್ರದೇಶದಲ್ಲೋ, ಬೇಲೂರು, ಸಕಲೇಶಪುರದ ಕಡೆ ತೋಟಗಳಲ್ಲೋ ಮೋಟಾರು, ಪ್ಯಾನೆಲ್ಲು ನೋಡಿಕೊಂಡಿರುವ ಎಲೆಕ್ಟ್ರಿಷಿಯನ್ನರಿಗಾಗಿ ಇವತ್ತಿನ ಮಾತು. ಐಟಿಐ ಮುಗಿದಿದೆ, ಕೆಲಸ ಕೈಗೆ ಹತ್ತಿದೆ, ಸಂಬಳ ಮಾತ್ರ ನಿಂತಲ್ಲೇ ನಿಂತಿದೆ. ಕೆಲಸ ಬಿಡದೆ ಎಂಜಿನಿಯರಿಂಗ್ ಓದಲು ಆಗುತ್ತದೆಯೇ? ಆಗುತ್ತದೆ. ಆದರೆ ಎಡವುವ ಜಾಗ ಕರೆಂಟಿನಲ್ಲಿಲ್ಲ, ಲೆಕ್ಕದಲ್ಲಿದೆ.

ಮೊದಲು ದಾರಿ ನೋಡೋಣ. ಎರಡು ವರ್ಷದ ಎಲೆಕ್ಟ್ರಿಷಿಯನ್ ಟ್ರೇಡ್ ಮಾಡಿ ಎನ್‌ಟಿಸಿ, ಅಂದರೆ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ, ಪಡೆದವರು ಪಾಲಿಟೆಕ್ನಿಕ್ಕಿನಲ್ಲಿ ಮೊದಲ ವರ್ಷ ಕೂರಬೇಕಾಗಿಲ್ಲ. ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಮೂರನೇ ಸೆಮಿಸ್ಟರಿಗೆ ಸೇರಬಹುದು. ಡಿಪ್ಲೊಮಾ ಆದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಬಿಇ ಕೂಡ ಮೂರನೇ ಸೆಮಿಸ್ಟರಿನಿಂದಲೇ ಶುರು. ಡಿಪ್ಲೊಮಾಗೆ ಎರಡು, ಬಿಇಗೆ ಮೂರು, ಸೇರಿ ಐದು ವರ್ಷ.

ಕೆಲಸದಲ್ಲಿ ಇರುವವರಿಗೆಂದೇ ತಾಂತ್ರಿಕ ಕಾಲೇಜುಗಳಿಗೆ ಅನುಮೋದನೆ ಕೊಡುವ ರಾಷ್ಟ್ರೀಯ ಮಂಡಳಿ ಎಐಸಿಟಿಇ ಪ್ರತ್ಯೇಕ ವ್ಯವಸ್ಥೆ ಮಾಡಿದೆ. ಅದಕ್ಕೆ ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಕೆಲಸದ ಅನುಭವ ಬೇಕು. ಎಲ್ಲ ಕಾಲೇಜಿಗೂ ಈ ಅನುಮತಿ ಇರುವುದಿಲ್ಲ. ಹಾಸನದಲ್ಲಿ ಎಲ್.ವಿ. ಪಾಲಿಟೆಕ್ನಿಕ್ ಇದೆ, 1960ರ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಯಾವುದರ ಮೆಟ್ಟಿಲು ಹತ್ತಿದರೂ ಕೇಳಬೇಕಾದ್ದು ಇಷ್ಟು: 'ಕೆಲಸ ಮಾಡುವವರ ಬ್ಯಾಚಿಗೆ, ಎಲೆಕ್ಟ್ರಿಕಲ್ ಶಾಖೆಗೆ, ಈ ವರ್ಷದ ಅನುಮೋದನೆ ಪತ್ರ ಇದೆಯಾ ಸಾರ್?' ಹೋದ ವರ್ಷದ್ದು ತೋರಿಸಿದರೆ ಒಪ್ಪಬೇಡಿ.

'ಮನೆಯಲ್ಲೇ ಕೂತು ಬಿಇ' ಎಂಬ ಬೋರ್ಡು ಕಂಡರೆ ಗಾಡಿ ನಿಲ್ಲಿಸಲೂ ಬೇಡಿ. ಒಪ್ಪಿಗೆಯಿಲ್ಲದೆ ಅಂಚೆ ಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳನ್ನು ಸುಪ್ರೀಂ ಕೋರ್ಟು 2017ರ ನವೆಂಬರಿನಲ್ಲೇ ತಳ್ಳಿಹಾಕಿದೆ. ಎಎಂಐಇ, ಅಂದರೆ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಪರೀಕ್ಷೆಗಳ ಬಗ್ಗೆಯೂ ಹಳಬರು ಹೇಳುತ್ತಾರೆ. ಅವರ ಕಾಲಕ್ಕೆ ಅದು ಸರಿ. 2013ರ ಮೇ 31ರ ಒಳಗೆ ನೋಂದಾಯಿಸಿದವರಿಗೆ ಅದು ಬಿಇಗೆ ಸಮ. ಆಮೇಲೆ ಸೇರಿದವರಿಗೆ ಆ ಮಾನ್ಯತೆ ಇಲ್ಲ.

ಕಾಗದಪತ್ರದಲ್ಲಿ ಕೆಡುವುದು ಹೆಚ್ಚಾಗಿ ಎರಡೇ ಕಡೆ. ಒಂದು, ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಎನ್‌ಟಿಸಿಯಲ್ಲಿ ತಂದೆಯ ಹೆಸರು ಪೂರ್ತಿ ಇದ್ದರೆ ಪರಿಶೀಲನೆಯ ದಿನ ಸಿಕ್ಕಿಬೀಳುತ್ತೀರಿ. ತಿದ್ದಿಸಲು ತಿಂಗಳುಗಳೇ ಹಿಡಿಯಬಹುದು, ಈಗಲೇ ನೋಡಿಕೊಳ್ಳಿ. ಇನ್ನೊಂದು, ಅನುಭವದ ಪತ್ರ. ಕಂಟ್ರಾಕ್ಟರ ಬಳಿ ದಿನಗೂಲಿಗೆ ನಗದು ಪಡೆದು ಹತ್ತು ವರ್ಷ ದುಡಿದಿದ್ದರೂ ಅದಕ್ಕೆ ದಾಖಲೆ ಇರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು, ಬ್ಯಾಂಕಿಗೆ ಸಂಬಳ, ಪಿಎಫ್ ಕಡಿತ, ಇವು ಇರುವ ಕಡೆ ಒಂದು ವರ್ಷ ನಿಂತು ಅರ್ಜಿ ಹಾಕಿದರೆ ಮಾತು ಬೇರೆ.

ಈಗ ಲೆಕ್ಕಕ್ಕೆ ಬರೋಣ. ಮೂರನೇ ಸೆಮಿಸ್ಟರಿಗೆ ಹಾರಿದಿರಿ ಎಂದರೆ ಮೊದಲ ವರ್ಷದ ಗಣಿತವನ್ನೂ ಹಾರಿದಿರಿ ಎಂದೇ ಅರ್ಥ. ಬಿಇಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಡಿಪ್ಲೊಮಾದವರಿಗೆ ಹೆಚ್ಚುವರಿ ಗಣಿತ ಎಂದು ಬೇರೆ ವಿಷಯ ಇಟ್ಟದ್ದೇ ಇದಕ್ಕೆ. ಸೇರುವ ಮುಂಚೆ ನಾಲ್ಕು ತಿಂಗಳು ತ್ರಿಕೋನಮಿತಿ, ಕಾಂಪ್ಲೆಕ್ಸ್ ಸಂಖ್ಯೆ, ಸರಳ ಡಿಫರೆನ್ಸಿಯೇಶನ್ ಇಷ್ಟನ್ನು ದಿನಕ್ಕೊಂದು ಗಂಟೆ ಮಾಡಿ. ನಿಮ್ಮ ಕೈಯಲ್ಲಿರುವ ಕೆಲಸಕ್ಕೇ ಅದನ್ನು ಕಟ್ಟಿಕೊಂಡರೆ ಬೇಗ ತಲೆಗೆ ಹೋಗುತ್ತದೆ.

ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಒಣ ಕಾಫಿಯ ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರದ 15 ಎಚ್‌ಪಿ ಮೋಟಾರನ್ನೇ ತೆಗೆದುಕೊಳ್ಳಿ. ನೇಮ್‌ಪ್ಲೇಟಿನಲ್ಲಿ 21 ಆಂಪಿಯರ್ ಇದೆ ಅನ್ನೋಣ. ಮೋಟಾರನ್ನು ಸ್ಟಾರ್ ಜೋಡಣೆಯಲ್ಲಿ ಶುರುಮಾಡಿ ಆಮೇಲೆ ಡೆಲ್ಟಾಗೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ, ಕರೆಂಟು ಮಿತಿ ಮೀರಿದರೆ ಮೋಟಾರು ನಿಲ್ಲಿಸುವ ಓವರ್‌ಲೋಡ್ ರಿಲೇ ಸಾಮಾನ್ಯವಾಗಿ ವೈಂಡಿಂಗಿನ ದಾರಿಯಲ್ಲಿ ಕೂತಿರುತ್ತದೆ. ಡೆಲ್ಟಾದಲ್ಲಿ ವೈಂಡಿಂಗ್ ಕರೆಂಟು, ಲೈನ್ ಕರೆಂಟನ್ನು ರೂಟ್ 3ರಿಂದ, ಅಂದರೆ 1.732ರಿಂದ ಭಾಗಿಸಿದಷ್ಟು. ಸುಮಾರು 12 ಆಂಪಿಯರ್. ರಿಲೇ ಇಡಬೇಕಾದ್ದು ಅಲ್ಲಿಗೆ. ಪ್ಲೇಟು ನೋಡಿ 21ಕ್ಕೇ ಇಟ್ಟರೆ ಲೈನಿನಲ್ಲಿ 36 ಆಂಪಿಯರ್ ದಾಟುವವರೆಗೂ ರಿಲೇ ಮಿಸುಕುವುದಿಲ್ಲ. ಅಷ್ಟರಲ್ಲಿ ವೈಂಡಿಂಗ್ ಸುಟ್ಟ ವಾಸನೆ ಬಂದಿರುತ್ತದೆ.

ಅದೇ ಮೋಟಾರು ಸ್ಟಾರಿನಲ್ಲಿ ಶುರುವಾಗುವಾಗ ಪ್ರತಿ ವೈಂಡಿಂಗಿಗೆ ಸಿಗುವುದು 415ರ ಬದಲು 240 ವೋಲ್ಟು. ಲೈನಿನಿಂದ ಎಳೆಯುವ ಕರೆಂಟು ಮೂರನೇ ಒಂದಕ್ಕೆ ಇಳಿಯುತ್ತದೆ, ಟಾರ್ಕೂ ಅಷ್ಟಕ್ಕೇ ಇಳಿಯುತ್ತದೆ. ಹಲ್ಲರಿನ ಹೊಟ್ಟೆಯಲ್ಲಿ ಹಿಂದಿನ ದಿನದ ಕಾಫಿ ಉಳಿದಿದ್ದರೆ ಮೋಟಾರು ವೇಗಕ್ಕೆ ಬರುವುದೇ ಇಲ್ಲ. ಡೆಲ್ಟಾಗೆ ಬದಲಾದ ಕೂಡಲೇ ಧಡ್ ಅಂತ ಟ್ರಿಪ್ಪು. ಆಗ ಸ್ಟಾರಿನಿಂದ ಡೆಲ್ಟಾಗೆ ಬದಲಿಸುವ ಟೈಮರನ್ನು 8 ಸೆಕೆಂಡಿನಿಂದ 20ಕ್ಕೆ ತಿರುಗಿಸುವ ಅಭ್ಯಾಸ ನಮ್ಮವರಲ್ಲಿದೆ. ಅದರಿಂದ ವೈಂಡಿಂಗ್ ಇನ್ನಷ್ಟು ಹೊತ್ತು ಬಿಸಿಯಾಗುತ್ತದೆ, ಅಷ್ಟೇ. ಹಲ್ಲರ್ ಖಾಲಿ ಮಾಡಿ ಶುರು ಮಾಡಿದರೆ ಹಳೆಯ ಟೈಮರ್ ಸಾಕು. ವೋಲ್ಟೇಜು, ಕರೆಂಟನ್ನು ಬಾಣದ ಗೆರೆಗಳಲ್ಲಿ ತೋರಿಸುವ ಫೇಸರ್ ಚಿತ್ರ ಬರೆಯಲು ಕಲಿತವರಿಗೆ ಈ ರೂಟ್ 3 ಎಲ್ಲಿಂದ ಬಂತೆಂದು ಒಂದೇ ಗೆರೆಯಲ್ಲಿ ಕಾಣುತ್ತದೆ.

ಓದಿದ್ದಕ್ಕೆ ಸಿಗುವುದೇನು? ಕೆಪಿಟಿಸಿಎಲ್‌ನಲ್ಲಿ, ಹಾಸನಕ್ಕೆ ವಿದ್ಯುತ್ ಕೊಡುವ ಸೆಸ್ಕಿನಲ್ಲಿ ಕಿರಿಯ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಬೇಕು, ಸಹಾಯಕ ಎಂಜಿನಿಯರ್ ಹುದ್ದೆಗೆ ಬಿಇ ಬೇಕು. ಸರ್ಕಾರಿ ಕೆಲಸ ಬೇಡ ಎಂದರೂ ಡಿಪ್ಲೊಮಾ ಮತ್ತು ಅನುಭವ ಇದ್ದವರಿಗೆ ಮೇಲ್ವಿಚಾರಕರ ಪರವಾನಗಿಯ ದಾರಿ ಸಲೀಸು. ಹಾಗಾಗಿ ಐದೂ ವರ್ಷ ಎಂದು ಹೆದರಬೇಡಿ. ಡಿಪ್ಲೊಮಾ ಮುಗಿಸಿ, ಒಂದು ವರ್ಷ ಸುಧಾರಿಸಿಕೊಂಡು ಆಮೇಲೆ ಬಿಇ ಯೋಚಿಸಿದರೂ ನಷ್ಟವಿಲ್ಲ. ಬಿಇ ಸೇರಬೇಕಾದರೆ ಡಿಪ್ಲೊಮಾದಲ್ಲಿ ಅಂಕ ಶೇ 45ಕ್ಕಿಂತ ಕೆಳಗೆ ಇಳಿಯದಿರಲಿ. ಮೀಸಲಾತಿ ಇದ್ದವರಿಗೆ ಶೇ 40.

ಇನ್ನೊಂದು ಮಾತು ತೋಟದ ಕಡೆಯವರಿಗೆ. ಅರೇಬಿಕಾ ಕಾಫಿ ಹಣ್ಣಾಗಿ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗಳು ಹಗಲು ರಾತ್ರಿ ತಿರುಗುವುದೂ, ಸೆಮಿಸ್ಟರ್ ಪರೀಕ್ಷೆ ಬರುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಡಿಸೆಂಬರು ಜನವರಿಯಲ್ಲಿ. ಮಾಲೀಕರ ಹತ್ತಿರ ಆಗಸ್ಟಿನಲ್ಲೇ ಕೂತು ಮಾತಾಡಿ. ಮಳೆಗಾಲದಲ್ಲೇ ಸ್ಟಾರ್ಟರುಗಳ ಕಾಂಟ್ಯಾಕ್ಟು ಬದಲಿಸಿ, ಮೋಟಾರುಗಳ ಬೇರಿಂಗು ನೋಡಿ, ಮೆಗ್ಗರ್ ಹಾಕಿ ಇನ್ಸುಲೇಶನ್ ಪರೀಕ್ಷಿಸಿ ಬರೆದಿಟ್ಟುಬಿಡಿ. ಪರೀಕ್ಷೆಯ ವಾರ ನಿಮ್ಮ ಬದಲಿಗೆ ಬರುವ ಹುಡುಗನಿಗೆ ಆ ಪುಸ್ತಕ ಕೊಟ್ಟು ಹೋಗಬಹುದು.

ನಮಸ್ಕಾರ.