ಗೋಡೆಗೆ ಅಂಟಿಸಿದ ಪಟ್ಟಿ ಮತ್ತು 18ರ ಲೆಕ್ಕ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ, ಕ್ರಿಕೆಟ್ ಬಿಟ್ಟು ಗಾಲ್ಫ್ ಬಗ್ಗೆ ಕೇಳೋದಕ್ಕೆ ಇಷ್ಟು ಜನ ಬಂದಿದ್ದೀರಿ. ನನಗೇ ಆಶ್ಚರ್ಯ.

ಒಬ್ಬ ಹುಡುಗನ ಕೋಣೆಯಿಂದ ಶುರು ಮಾಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಬೆಳೆಯುತ್ತಿದ್ದ ಟೈಗರ್ ವುಡ್ಸ್ ಪತ್ರಿಕೆಯಿಂದ ಕತ್ತರಿಸಿದ ಒಂದು ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡಿದ್ದ. ಅಮೆರಿಕದ ಹಿರಿಯ ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಾಸ್ ಅವರ ಸಾಧನೆಯ ಪಟ್ಟಿ. ಅದರಲ್ಲಿ ನಿಕ್ಲಾಸ್ ಗೆದ್ದ 18 ದೊಡ್ಡ ಟೂರ್ನಿಗಳು, ಅಂದರೆ ಇವತ್ತಿಗೂ ದಾಖಲೆಯಾಗಿ ಉಳಿದಿರುವ ಆ ಮೇಜರ್‌ಗಳಿದ್ದವು ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ ಅಂತ ವುಡ್ಸ್ ಅವರೇ ಆಮೇಲೆ ಹೇಳಿದರು. ಅದು ವಯಸ್ಸಿನ ಪಟ್ಟಿ. ನಿಕ್ಲಾಸ್ ಮೊದಲ ಸಲ 80ಕ್ಕಿಂತ ಕಡಿಮೆ ಹೊಡೆತದಲ್ಲಿ ಆಟ ಮುಗಿಸಿದ್ದು ಎಷ್ಟನೇ ವಯಸ್ಸಿಗೆ, 70ಕ್ಕಿಂತ ಕಡಿಮೆ ಎಷ್ಟನೇ ವಯಸ್ಸಿಗೆ, ಹೀಗೆ. ಹುಡುಗನ ಹಟ ಇಷ್ಟೇ: ಎಲ್ಲವನ್ನೂ ಅವರಿಗಿಂತ ಬೇಗ ಮಾಡಬೇಕು.

ಈ ವಯಸ್ಸಿನ ಎಳೆಯನ್ನು ಕೈಬಿಡಬೇಡಿ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು. ಗಂಡಸರ ಗಾಲ್ಫ್‌ನಲ್ಲಿ ವರ್ಷಕ್ಕೆ ನಾಲ್ಕು ದೊಡ್ಡ ಟೂರ್ನಿ. ಮಾಸ್ಟರ್ಸ್, ಪಿಜಿಎ, ಯುಎಸ್ ಓಪನ್, ಬ್ರಿಟನ್ನಿನ ಓಪನ್. ಇವೇ ಮೇಜರ್‌ಗಳು. ಟೆನಿಸ್‌ನಲ್ಲಿ ಏಳು ಜನರನ್ನು ಒಬ್ಬೊಬ್ಬರನ್ನಾಗಿ ಸೋಲಿಸಿದರೆ ಗ್ರ್ಯಾಂಡ್ ಸ್ಲಾಮ್ ನಿಮ್ಮದು. ಇಲ್ಲಿ ಹಾಗಲ್ಲ. ಮಾಸ್ಟರ್ಸ್ ಬಿಟ್ಟು ಉಳಿದ ಮೂರರಲ್ಲಿ 156 ಜನ ಒಟ್ಟಿಗೆ ಶುರು ಮಾಡುತ್ತಾರೆ. ನಾಲ್ಕು ದಿನದಲ್ಲಿ ಅಷ್ಟೂ ಜನರಿಗಿಂತ ಕಡಿಮೆ ಹೊಡೆತ ನಿಮ್ಮದಾಗಬೇಕು. ಎಷ್ಟೋ ಸಲ ನಿಮ್ಮನ್ನು ಸೋಲಿಸುವವನು ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಒಂದು ಗಂಟೆ ಮೊದಲೇ ಆಟ ಮುಗಿಸಿ ಆರಾಮಾಗಿ ಕೂತಿರುತ್ತಾನೆ!

ಒಂದು ಹೊಡೆತ ಅಂದರೆ ಏನು ಅಂತ ನಮಗೂ ಗೊತ್ತು. 2021ರ ಆಗಸ್ಟ್ 7, ಶನಿವಾರ. ಟೋಕಿಯೊ ಒಲಿಂಪಿಕ್ಸ್. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದರು. ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಅವತ್ತು ಬೆಳಿಗ್ಗೆ ಟಿವಿ ಮುಂದೆ ಕೂತಿದ್ದ ನಮ್ಮಲ್ಲಿ ಅರ್ಧ ಜನಕ್ಕೆ ಬರ್ಡಿ (ಒಂದು ಕುಳಿಗೆ ಚೆಂಡು ಹಾಕಲು ನಿಗದಿಯಾದ ಹೊಡೆತಕ್ಕಿಂತ ಒಂದು ಕಡಿಮೆ) ಅಂದರೆ ಏನು ಅಂತ ತಿಳಿದದ್ದೇ ಆಗ, ಅಲ್ವಾ?

ಈಗ ನಿಕ್ಲಾಸ್. ಒಹಾಯೋದ ಕೊಲಂಬಸ್‌ನವರು, ಹುಟ್ಟಿದ್ದು 1940ರಲ್ಲಿ. ಮೊದಲ ಮೇಜರ್ 1962ರಲ್ಲಿ, 22ನೇ ವಯಸ್ಸಿಗೆ. ಕೊನೆಯದು 1986ರಲ್ಲಿ, 46ನೇ ವಯಸ್ಸಿಗೆ. ನಡುವೆ 24 ವರ್ಷ. ಎಲ್ಲರೂ 18 ಅನ್ನೋ ಸಂಖ್ಯೆ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಇನ್ನೊಂದು ಸಂಖ್ಯೆ: 19. ಮೇಜರ್‌ಗಳಲ್ಲಿ ಅವರು ಎರಡನೇ ಸ್ಥಾನಕ್ಕೆ ಬಂದದ್ದು 19 ಸಲ. ಲೀ ಟ್ರೆವಿನೊ ಸೋಲಿಸಿದರು, ಟಾಮ್ ವಾಟ್ಸನ್ ಸೋಲಿಸಿದರು, ಮತ್ತೆ ಮತ್ತೆ ಸೋಲಿಸಿದರು. ಈ ಮನುಷ್ಯ ಮುಂದಿನ ಮೇಜರ್‌ಗೆ ಮತ್ತೆ ಹಾಜರ್. 18 ಬಂದದ್ದು ಎಲ್ಲರನ್ನೂ ತುಳಿದು ಆಳಿದ್ದರಿಂದಲ್ಲ. ಗೆಲುವಿನ ಬಾಗಿಲಲ್ಲಿ ಕಾಲು ಶತಮಾನ ನಿಂತಿದ್ದರಿಂದ.

ಆಳಿದ್ದು ವುಡ್ಸ್. 1997ರ ಮಾಸ್ಟರ್ಸ್ ಗೆದ್ದಾಗ ವಯಸ್ಸು 21, ಅಂತರ 12 ಹೊಡೆತ. 2000ದಲ್ಲಿ ಪೆಬಲ್ ಬೀಚ್‌ನ ಯುಎಸ್ ಓಪನ್‌ನಲ್ಲಿ ಅಂತರ 15. ಹದಿನೈದು! ಅಲ್ಲಿಂದ 2001ರ ಮಾಸ್ಟರ್ಸ್‌ವರೆಗೆ ಸತತ ನಾಲ್ಕು ಮೇಜರ್ ಅವರದ್ದೇ. ಯಾರ ಆಟ ಶ್ರೇಷ್ಠ ಅಂತ ಕೇಳಿದರೆ ನಾನು ಕಣ್ಣು ಮುಚ್ಚಿಕೊಂಡು ವುಡ್ಸ್ ಅನ್ನುತ್ತೇನೆ. ಜಗಳಕ್ಕೆ ಬರುವವರು ಆಮೇಲೆ ಬನ್ನಿ.

2008ರ ಜೂನ್. ಟೋರಿ ಪೈನ್ಸ್‌ನಲ್ಲಿ ಯುಎಸ್ ಓಪನ್. ವುಡ್ಸ್ ಅವರ ಎಡಗಾಲಿನ ಮೂಳೆಯಲ್ಲಿ ಸಣ್ಣ ಬಿರುಕು, ಮಂಡಿಯ ಲಿಗಮೆಂಟ್ ಹರಿದಿದೆ. ಹೊಡೆದಾಗಲೆಲ್ಲ ಮುಖ ಕಿವಿಚುತ್ತಾರೆ. ನಾಲ್ಕು ದಿನ ಮುಗಿದಾಗ ರೊಕ್ಕೊ ಮೀಡಿಯೇಟ್ ಜೊತೆ ಸಮ. ಐದನೇ ದಿನ ಮತ್ತೆ ಒಂದು ಪೂರ್ತಿ ಸುತ್ತು, ಅಂದರೆ 18 ಹೋಲ್ (ಚೆಂಡು ಬೀಳಿಸಬೇಕಾದ ಕುಳಿ), ಮತ್ತೆ ಸಮ. ಒಟ್ಟು 91ನೇ ಹೋಲ್‌ನಲ್ಲಿ ಗೆದ್ದರು. ಅದು 14ನೇ ಮೇಜರ್. ವಯಸ್ಸು 32.

ಗೋಡೆಯ ಪಟ್ಟಿ ನೆನಪಿದೆಯಾ? ನಿಕ್ಲಾಸ್ 14ನೆಯದನ್ನು ಗೆದ್ದದ್ದು 35ನೇ ವಯಸ್ಸಿಗೆ. ಹುಡುಗ ಮೂರು ವರ್ಷ ಮುಂದಿದ್ದ. 18 ಮುರಿಯುತ್ತದೋ ಇಲ್ಲವೋ ಅಂತ ಆಗ ಯಾರೂ ಕೇಳುತ್ತಿರಲಿಲ್ಲ. ಯಾವಾಗ ಅನ್ನೋದೇ ಮಾತು.

ಆಮೇಲೆ ಏನಾಯಿತು? 2009ರ ಪಿಜಿಎಯಲ್ಲಿ ಕೊನೆಯ ದಿನ ಎರಡು ಹೊಡೆತ ಮುಂದಿದ್ದು ಶುರು ಮಾಡಿದರು. ಆವರೆಗೆ ಮೂರನೇ ದಿನದ ಕೊನೆಗೆ ಮೇಲಿದ್ದ 14 ಮೇಜರ್‌ಗಳಲ್ಲಿ ಹದಿನಾಲ್ಕನ್ನೂ ಗೆದ್ದಿದ್ದರು. ಅವತ್ತು ದಕ್ಷಿಣ ಕೊರಿಯಾದ ವೈ.ಇ. ಯಾಂಗ್ ಸೋಲಿಸಿದರು. ಅದೇ ವರ್ಷದ ಕೊನೆಗೆ ಮನೆಯ ವಿಷಯ ಬೀದಿಗೆ ಬಂತು. ಆ ಕಥೆ ನಮಗೆ ಬೇಡ. ಆಮೇಲೆ ಬೆನ್ನು ಕೈಕೊಟ್ಟಿತು. ಒಂದರ ಮೇಲೊಂದು ಆಪರೇಷನ್, 2017ರಲ್ಲಿ ಬೆನ್ನುಮೂಳೆಯನ್ನು ಬೆಸೆಯುವ ಆಪರೇಷನ್. 2019ರ ಮಾಸ್ಟರ್ಸ್ ಗೆದ್ದಾಗ ವಯಸ್ಸು 43, ನಡುವೆ 11 ವರ್ಷ ಖಾಲಿ. 2021ರಲ್ಲಿ ಕಾರು ಉರುಳಿ ಬಲಗಾಲು ನುಜ್ಜುಗುಜ್ಜಾಯಿತು.

32ರ ಆಚೆಗೆ ವುಡ್ಸ್‌ಗೆ ಸಿಕ್ಕಿದ್ದು ಒಂದು. 35ರ ಆಚೆಗೆ ನಿಕ್ಲಾಸ್‌ಗೆ ಸಿಕ್ಕಿದ್ದು ನಾಲ್ಕು. ದಾಖಲೆ ಉಳಿದದ್ದು ಅಲ್ಲಿ.

ನಿಕ್ಲಾಸ್ ಎರಡು ವಾರಕ್ಕಿಂತ ಜಾಸ್ತಿ ಮನೆ ಬಿಟ್ಟು ಇರುತ್ತಿರಲಿಲ್ಲ. ಐದು ಮಕ್ಕಳು. ಆಡುವ ಟೂರ್ನಿಗಳನ್ನು ಆರಿಸಿ ಆಡುತ್ತಿದ್ದರು, ಮೇಜರ್‌ಗೆ ಮಾತ್ರ ಮೈಯೆಲ್ಲ ಸಿದ್ಧ. ಸೋಮಾರಿತನ ಅಲ್ಲ ಅದು, ಉಳಿತಾಯ. ನಮ್ಮ ಅಜ್ಜಿಯರು ಉಪ್ಪಿನಕಾಯಿ ಜಾಡಿ ಮುಂದಿನ ಮಾವಿನ ಕಾಲದವರೆಗೆ ಬರುವ ಹಾಗೆ ಬಡಿಸುತ್ತಿದ್ದರಲ್ಲ, ಹಾಗೆ.

ಇವತ್ತು 18 ಮುರಿಯುತ್ತದಾ ಅನ್ನೋ ಪ್ರಶ್ನೆಯನ್ನು ಅಮೆರಿಕದ ಆಟಗಾರ ಸ್ಕಾಟಿ ಶೆಫ್ಲರ್ ಮುಂದೆ ಇಡುತ್ತಿದ್ದಾರೆ. 2022, 2024ರ ಮಾಸ್ಟರ್ಸ್, 2025ರ ಪಿಜಿಎ ಮತ್ತು ಓಪನ್. 29ನೇ ವಯಸ್ಸಿಗೆ ನಾಲ್ಕು. ಈಗಿನವರಲ್ಲಿ ಇವರಷ್ಟು ಸ್ಥಿರವಾಗಿ ಆಡುವವರು ಇನ್ನೊಬ್ಬರಿಲ್ಲ. ಆದರೆ 30 ತುಂಬುವ ಮೊದಲು ನಿಕ್ಲಾಸ್ ಹತ್ತಿರ 7 ಇತ್ತು, ವುಡ್ಸ್ ಹತ್ತಿರ 10. ನಾಲ್ಕರಿಂದ 19ಕ್ಕೆ ಹೋಗಬೇಕಾದರೆ ಇನ್ನೂ 15 ಬೇಕು. ಸರಿಯಾಗಿ ವುಡ್ಸ್ ಅವರ ಇಡೀ ಬದುಕಿನ ಗಳಿಕೆ. ವರ್ಷಕ್ಕೊಂದರಂತೆ, ಒಂದು ವರ್ಷವೂ ತಪ್ಪದೆ, ಸುಮಾರು 44ನೇ ವಯಸ್ಸಿನವರೆಗೆ.

ಅದು ಎಷ್ಟು ಕಷ್ಟ ಅನ್ನೋದಕ್ಕೆ ರೋರಿ ಮೆಕಿಲ್‌ರಾಯ್ ಸಾಕು. 25ನೇ ವಯಸ್ಸಿಗೇ ನಾಲ್ಕು ಗೆದ್ದಿದ್ದರು. ಐದನೆಯದು ಬಂದದ್ದು 2025ರಲ್ಲಿ. ಆ ಹನ್ನೊಂದು ವರ್ಷದಲ್ಲಿ ಅವರ ಆಟ ಕೆಟ್ಟಿರಲಿಲ್ಲ. ಮೇಜರ್ ಬರಲಿಲ್ಲ, ಅಷ್ಟೇ.

18 ಮುರಿಯೋದಿಲ್ಲ ಅನ್ನೋದಕ್ಕೆ ಇನ್ನೊಂದು ಕಾರಣ ನನಗೆ ಜಾಸ್ತಿ ಇಷ್ಟ. 2025ರ ಓಪನ್‌ಗೆ ಮೊದಲು ಶೆಫ್ಲರ್ ಪತ್ರಕರ್ತರ ಮುಂದೆ ಮನಸ್ಸು ಬಿಚ್ಚಿದರು. ಗೆದ್ದ ಖುಷಿ ಕೆಲವು ನಿಮಿಷ, ಆಮೇಲೆ ರಾತ್ರಿ ಊಟಕ್ಕೆ ಏನು ಅನ್ನೋ ಯೋಚನೆ ಬರುತ್ತದೆ, ಇದೆಲ್ಲ ಯಾಕೆ ಅನ್ನಿಸುತ್ತದೆ ಅಂದರು. ಆಮೇಲೆ ಹೋಗಿ ನಾಲ್ಕು ಹೊಡೆತದ ಅಂತರದಲ್ಲಿ ಗೆದ್ದರು! ಇಂಥವರ ಗೋಡೆಯ ಮೇಲೆ ಪಟ್ಟಿ ಇರೋದಿಲ್ಲ. ಅವರು ನೆಮ್ಮದಿಯಾಗಿ ಎಂಟೋ ಒಂಬತ್ತೋ ಗೆದ್ದು ಮಕ್ಕಳ ಜೊತೆ ಮನೆಯಲ್ಲಿರುತ್ತಾರೆ ಅಂತ ನನ್ನ ಊಹೆ. 18 ಮುರಿಯೋದಿಲ್ಲ.

ಊಹೆ ಅಂದೆ, ಯಾಕಂದರೆ 1986ರಲ್ಲಿ ಒಂದು ಪತ್ರಿಕೆಯೂ ಹೀಗೇ ಬರೆದಿತ್ತು: ನಿಕ್ಲಾಸ್ ಕಥೆ ಮುಗಿಯಿತು. ಆ ವಾರ ಅವರು ಉಳಿದಿದ್ದ ಮನೆಯ ಫ್ರಿಡ್ಜ್ ಮೇಲೆ ಗೆಳೆಯರೊಬ್ಬರು ಆ ಲೇಖನವನ್ನು ಅಂಟಿಸಿದರು. ಭಾನುವಾರ, ಮಗನೇ ಕ್ಯಾಡಿಯಾಗಿ ಬ್ಯಾಗ್ ಹೊತ್ತಿದ್ದ. ಕೊನೆಯ ಒಂಬತ್ತು ಹೋಲ್‌ಗಳನ್ನು 30 ಹೊಡೆತದಲ್ಲಿ ಮುಗಿಸಿ, ಒಂದು ಹೊಡೆತದಿಂದ ಮಾಸ್ಟರ್ಸ್ ಗೆದ್ದರು.

ಈ ಉಪನ್ಯಾಸದ ಪ್ರತಿ ಬೇಕಾದವರು ತೆಗೆದುಕೊಂಡು ಹೋಗಿ. ಶೆಫ್ಲರ್ ಅವರ ಮನೆ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ. ಅಲ್ಲಿ ಯಾರಾದರೂ ನೆಂಟರಿದ್ದರೆ ಫ್ರಿಡ್ಜ್‌ವರೆಗೆ ತಲುಪಿಸಬಹುದು.