ಮಳೆ ಬಾರದ ದಿನ, ಮಳೆ ಅಳೆಯದ ದಿನ

ಕೇಳುಗರಿಗೆ ನಮಸ್ಕಾರ.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ಇಂಚು ಮತ್ತು ಇಂಚಿನ ನೂರನೇ ಒಂದು ಭಾಗವಾದ ಸೆಂಟುಗಳ ಲೆಕ್ಕದಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ನಡೆದುಬಂದಿದೆ. ಮಳೆಮಾಪಕದ ನೀರನ್ನು ಗಾಜಿನ ಅಳತೆ ಜಾಡಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದ ಅಂಕಿಗಳು ಅವು. ಅಂತಹ ಪುಸ್ತಕವನ್ನು ಡೇಟಾಬೇಸಿಗೆ ಏರಿಸಿ, ಜಾಲಪುಟದಲ್ಲಿ ಚಾರ್ಟಿನ ರೂಪದಲ್ಲಿ ತೋರಿಸುವುದು ಹೇಗೆಂಬುದೇ ಇಂದಿನ ಮಾತು.

ಹಾದಿಯೇನೋ ಸರಳವಾದದ್ದು. ದಿನಾಂಕ ಮತ್ತು ಮಳೆ ಎಂಬ ಎರಡು ಕಾಲಂಗಳ ಕೋಷ್ಟಕವನ್ನು, ಡೇಟಾಬೇಸಿನಿಂದ ಮಾಹಿತಿ ಕೇಳಲು ಬಳಸುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಪ್ರಶ್ನಿಸುತ್ತೇವೆ. ಬಂದ ಉತ್ತರವನ್ನು ಸರ್ವರ್ ಜೇಸನ್ ಎಂಬ ಸರಳ ಪಠ್ಯರೂಪದಲ್ಲಿ ಬ್ರೌಸರಿಗೆ ಕಳಿಸುತ್ತದೆ. ಅಲ್ಲಿ ಚಾರ್ಟ್ ಜೆಎಸ್‌ನಂತಹ ಉಚಿತ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಸಂಗ್ರಹ, ಅದನ್ನು ಚಿತ್ರಿಸುತ್ತದೆ. ಪ್ರಶ್ನೆಯಲ್ಲಿ ಸಾಲುಗಳನ್ನು ಕ್ರಮಕ್ಕೆ ತರುವ ‘ಆರ್ಡರ್ ಬೈ’ ಬರೆಯದಿದ್ದರೆ ಸಾಲುಗಳು ದಿನಾಂಕದ ಕ್ರಮದಲ್ಲೇ ಬರುತ್ತವೆಂಬ ಭರವಸೆಯಿಲ್ಲ.

ಕಷ್ಟವಿರುವುದು ಖಾಲಿ ಜಾಗದಲ್ಲಿ. ಮಳೆ ಬಾರದ ದಿನ ಪುಸ್ತಕದಲ್ಲಿ ಸೊನ್ನೆ ಇರುತ್ತದೆ, ಅಳೆಯುವವರು ಊರಿನಲ್ಲಿಲ್ಲದ ದಿನ ಏನೂ ಇರುವುದಿಲ್ಲ. ಈ ಎರಡನೆಯದಕ್ಕೆ ಡೇಟಾಬೇಸಿನಲ್ಲಿ ‘ನಲ್’ ಎಂಬ ಬೇರೆಯೇ ಗುರುತಿದೆ. ಚಾರ್ಟ್ ಸಲೀಸಾಗಿ ಬರಲೆಂದು ‘ಕೋಅಲೆಸ್’ ಎಂಬ ಎಸ್‌ಕ್ಯೂಎಲ್ ಫಂಕ್ಷನ್ ಬಳಸಿ ನಲ್ ಇದ್ದಲ್ಲೆಲ್ಲ ಸೊನ್ನೆ ತುಂಬುವವರಿದ್ದಾರೆ. ಅದು ದೊಡ್ಡ ತಪ್ಪೆಂದೇ ನಾನು ತಿಳಿಯುತ್ತೇನೆ. ಕಾಫಿ ಗಿಡ ಮೊಗ್ಗು ಹಿಡಿದು ಕಾಯುತ್ತಿರುವ ಮಾರ್ಚ್-ಏಪ್ರಿಲ್‌ನಲ್ಲಿ ಮೊಗ್ಗನ್ನು ಅರಳಿಸುವ ಒಂದೇ ಒಂದು ಹದವಾದ ಹೂಮಳೆ ಇಡೀ ವರ್ಷದ ಫಸಲಿನ ಗತಿಯನ್ನು ನಿರ್ಧರಿಸಬಲ್ಲದು. ಅದೇ ದಿನ ಅಳತೆ ತಪ್ಪಿದ್ದರೆ, ಆ ಸೊನ್ನೆಯು ಬಿದ್ದ ಮಳೆಯನ್ನು ಬೀಳಲೇ ಇಲ್ಲವೆಂದು ಹೇಳಿಬಿಡುತ್ತದೆ.

ನಲ್ ಅನ್ನು ಹಾಗೆಯೇ ಕಳಿಸಿದರೂ ಮಳೆಯ ಸ್ತಂಭಾಲೇಖದಲ್ಲಿ ಸೊನ್ನೆಗೂ ಕಂಬವಿಲ್ಲ, ನಲ್‌ಗೂ ಕಂಬವಿಲ್ಲ. ಎರಡೂ ಕಣ್ಣಿಗೆ ಒಂದೇ. ಆದ್ದರಿಂದ ಅಳೆಯದ ದಿನದ ಜಾಗಕ್ಕೆ ತೆಳು ಬೂದು ಬಣ್ಣದ ಪಟ್ಟಿ ಹಾಕಬೇಕು. ಕೋಷ್ಟಕದಲ್ಲಿ ಸಾಲೇ ಇಲ್ಲದ ದಿನಗಳಿದ್ದರೆ, ಎಲ್ಲ ದಿನಾಂಕಗಳನ್ನೂ ಹೊಂದಿದ ಕ್ಯಾಲೆಂಡರ್ ಕೋಷ್ಟಕವೊಂದನ್ನು ಎಡಕ್ಕಿಟ್ಟು, ಎಡಗಡೆಯ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು ಜೋಡಿಸುವ ‘ಲೆಫ್ಟ್ ಜಾಯಿನ್’ ಮಾಡಿದರೆ ಆ ದಿನಗಳೂ ನಲ್ ಆಗಿ ಸಾಲಿಗೆ ಬರುತ್ತವೆ.

ತಿಂಗಳ ಮೊತ್ತ ತೆಗೆಯುವಾಗ ಇನ್ನೂ ಎಚ್ಚರ ಬೇಕು. ‘ಸಮ್’ ಎಂಬುದು ನಲ್‌ಗಳನ್ನು ಸದ್ದಿಲ್ಲದೆ ದಾಟಿ ಕೂಡುತ್ತದೆ; ಐದು ದಿನದ ಅಳತೆ ಇಲ್ಲದ ಜುಲೈ ತಿಂಗಳ ಕಂಬ, ಮಳೆ ಕಡಿಮೆಯಾದ ಜುಲೈಯಂತೆಯೇ ಗಿಡ್ಡವಾಗಿ ನಿಲ್ಲುತ್ತದೆ. ಅದೇ ಪ್ರಶ್ನೆಯಲ್ಲಿ ಮಳೆಯ ಕಾಲಂಗೆ ‘ಕೌಂಟ್’ ಕೂಡ ಹಾಕಿದರೆ ಅಳೆದ ದಿನಗಳ ಸಂಖ್ಯೆ ಸಿಗುತ್ತದೆ. ಆಗ ಕಂಬದ ಬುಡದಲ್ಲಿ ‘31ರಲ್ಲಿ 26 ದಿನಗಳ ಅಳತೆ’ ಎಂದು ಸಣ್ಣಕ್ಷರದಲ್ಲಿ ಬರೆಯಬಹುದು.